ಮಂಗಳೂರಿನಿಂದ ಹಡಗೇರಿದ ಒಂದು ಕುಟುಂಬ

ಪಡುವಣ ಕರಾವಳಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅರಸರ ಶಾಸನಗಳನ್ನೂ, ಬಂದರುಗಳಿಂದ ಹೊರಟ ಸರಕುಗಳ ಲೆಕ್ಕವನ್ನೂ ಆಧಾರವಾಗಿಟ್ಟುಕೊಳ್ಳುವರು. ಮೆಣಸು ಎಲ್ಲಿಗೆ ಹೋಯಿತು, ಕುದುರೆ ಎಲ್ಲಿಂದ ಬಂದಿತು, ಸುಂಕವು ಯಾವ ಅರಸನ ಬೊಕ್ಕಸಕ್ಕೆ ಸಂದಿತು ಎಂಬಿವೇ ಮೊದಲಾದ ಸಂಗತಿಗಳು ಅವುಗಳಿಂದ ತಿಳಿದುಬರುತ್ತವೆ. ಆದರೆ ಆ ಹಡಗುಗಳಲ್ಲಿ ಸರಕಿನೊಡನೆ ಮನುಷ್ಯರೂ ಹೋದರು. ಕೆಲವೊಮ್ಮೆ ಎಳೆಯ ಮಕ್ಕಳನ್ನು ಕಟ್ಟಿಕೊಂಡು ಸಂಸಾರವೇ ಹೋಯಿತು. ಅಂತಹ ಸಂಸಾರವೊಂದು ಮಣ್ಣಿನ ಮೇಲಿನ ಮನೆಯನ್ನು ಬಿಟ್ಟು ಮರದ ಹಲಗೆಯ ಮೇಲೆ ಬಾಳಲು ಹೇಗೆ ಸಿದ್ಧವಾಯಿತು, ಏನನ್ನು ಗಂಟುಕಟ್ಟಿತು, ಯಾರನ್ನು ಬಿಟ್ಟುಹೋಯಿತು ಎಂಬುದನ್ನು ಯಾವ ಶಿಲಾಶಾಸನವೂ ಹೇಳುವುದಿಲ್ಲ. ಸುದೈವದಿಂದ, ಹನ್ನೆರಡನೆಯ ಶತಮಾನದ ಮಂಗಳೂರಿನ ಒಂದು ಕುಟುಂಬದ ವಿಷಯದಲ್ಲಿ ಮಾತ್ರ ಈ ಮಾತುಗಳಿಗೆ ಉತ್ತರ ಕೊಡಬಲ್ಲ ಕಾಗದಗಳು ಉಳಿದುಬಂದಿವೆ. ಅವು ದೊರೆತುದು ಮಂಗಳೂರಿನಲ್ಲಿ ಅಲ್ಲ, ಮಿಸರ ದೇಶದಲ್ಲಿ.

ಆ ಕಾಲದಲ್ಲಿ ತುಳುನಾಡನ್ನು ಆಳುತ್ತಿದ್ದವರು ಆಳುಪರು. ಶತಮಾನದ ಪೂರ್ವಾರ್ಧದಲ್ಲಿ ಕವಿ ಆಳುಪೇಂದ್ರನು ಪಟ್ಟದಲ್ಲಿದ್ದನು. ಬಾರಕೂರೂ ಮಂಗಳೂರೂ ಆ ರಾಜ್ಯದ ಮುಖ್ಯ ಪಟ್ಟಣಗಳು. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲನ್ನು ಸೇರುವ ಅಳಿವೆಯ ಒಳಗೆ, ಅಲೆಗಳ ಹೊಡೆತಕ್ಕೆ ಸಿಕ್ಕದ ನೀರಿನಲ್ಲಿ ಹಡಗುಗಳು ತಂಗುತ್ತಿದ್ದುವು. ಅರಬರು ಈ ಊರನ್ನು 'ಮಂಜರೂರ್' ಎಂದು ಕರೆದರು. ಇಬ್ನ್ ಬತೂತನು ೧೩೪೨ರ ಸುಮಾರಿಗೆ ಇಲ್ಲಿಗೆ ಬಂದಾಗ ಪಾರಸಿಕ ದೇಶದ ಮತ್ತು ಯಮನಿನ ವರ್ತಕರು ಇಲ್ಲಿ ಇಳಿಯುತ್ತಿದ್ದುದನ್ನೂ, ಸುಮಾರು ೪೦೦೦ ಮಂದಿ ಮುಸಲ್ಮಾನರು ನೆಲೆಸಿದ್ದುದನ್ನೂ ಬರೆದಿಟ್ಟಿರುವನು. ಅದಕ್ಕೆ ಎರಡು ಶತಮಾನಗಳಷ್ಟು ಹಿಂದೆಯೇ ಪರದೇಶದ ವರ್ತಕರಿಗೆ ಈ ಊರು ಪರಿಚಿತವಾಗಿದ್ದಿತೆಂಬುದನ್ನು ಮುಂದೆ ಹೇಳುವ ಕಾಗದಗಳು ತೋರಿಸುತ್ತವೆ.

ಮಿಸರದ ಕೈರೋ ಪಟ್ಟಣಕ್ಕೆ ಹೊಂದಿಕೊಂಡಿರುವ ಫುಸ್ತಾತ್ ಎಂಬ ಹಳೆಯ ನಗರದಲ್ಲಿ ಬೆನ್ ಎಜ್ರಾ ಎಂಬ ಯೆಹೂದ್ಯರ ಪ್ರಾರ್ಥನಾಮಂದಿರವಿದೆ. ದೇವರ ನಾಮವನ್ನು ಬರೆದ ಕಾಗದವನ್ನು ಹರಿದು ಬಿಸಾಡಬಾರದೆಂಬುದು ಯೆಹೂದ್ಯರ ಆಚಾರ. ಆದುದರಿಂದ ಬಳಕೆ ತೀರಿದ ಕಾಗದಪತ್ರಗಳನ್ನು ಮಂದಿರದ ಒಂದು ಕೋಣೆಯಲ್ಲಿ ಹಾಕುತ್ತ ಬಂದರು. ಈ ಸಂಗ್ರಹಕ್ಕೆ 'ಗೆನೀಜಾ' ಎಂದು ಹೆಸರು. ಅಲ್ಲಿ ಧರ್ಮಗ್ರಂಥಗಳ ಹಾಳೆಗಳಷ್ಟೇ ಅಲ್ಲದೆ, ವರ್ತಕರ ಓಲೆಗಳು, ಲೆಕ್ಕದ ಚೀಟಿಗಳು, ಮದುವೆಯ ಕರಾರುಗಳು ಮುಂತಾದುವೂ ನೂರಾರು ವರ್ಷ ರಾಶಿಬಿದ್ದಿದ್ದುವು. ೧೮೯೬-೯೭ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಈ ರಾಶಿಯ ಬಹುಭಾಗವನ್ನು ಇಂಗ್ಲೆಂಡಿನ ಕೇಂಬ್ರಿಜ್ ವಿದ್ಯಾಪೀಠಕ್ಕೆ ಸಾಗಿಸಿದರು. ಅವುಗಳಲ್ಲಿ ಹಿಂದೂಸ್ಥಾನದ ವ್ಯಾಪಾರಕ್ಕೆ ಸಂಬಂಧಿಸಿದುವನ್ನು ಆರಿಸಿ ಓದುವುದಕ್ಕಾಗಿ ಎಸ್. ಡಿ. ಗೊಯಿಟೈನ್ ಎಂಬವರು ಹಲವು ವರ್ಷ ದುಡಿದರು. ೧೯೮೫ರಲ್ಲಿ ಅವರು ತೀರಿಕೊಂಡ ಬಳಿಕ ಎಂ. ಎ. ಫ್ರೀಡ್‌ಮನ್ ಎಂಬವರು ಆ ಕೆಲಸವನ್ನು ಮುಂದುವರಿಸಿ ೨೦೦೮ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಮಂಗಳೂರಿನ ಕುಟುಂಬದ ಕಥೆ ಬೆಳಕಿಗೆ ಬಂದುದು ಈ ಪರಿಯಿಂದ.

ಕುಟುಂಬದ ಯಜಮಾನನ ಹೆಸರು ಅಬ್ರಹಾಮ್ ಬೆನ್ ಯೀಜೂ. ಉತ್ತರ ಆಫ್ರಿಕದ ಟ್ಯುನಿಸಿಯ ದೇಶದಲ್ಲಿರುವ ಮಹದೀಯವೆಂಬ ಬಂದರು ಅವನ ಹುಟ್ಟೂರು. ತಂದೆ ಧರ್ಮಶಾಸ್ತ್ರ ಬಲ್ಲ ಪಂಡಿತ. ಅಬ್ರಹಾಮನೂ ಹಿಬ್ರೂ ಭಾಷೆಯಲ್ಲಿ ಪದ್ಯ ಕಟ್ಟಬಲ್ಲವನು, ಶಾಸ್ತ್ರಜ್ಞ. ಅವನ ಕೈಬರಹವು ಬಹಳ ಅಂದವಾದುದು. ಜೀವನೋಪಾಯವನ್ನು ಅರಸುತ್ತ ಅವನು ಏಡನಿಗೆ ಬಂದನು. ಅಲ್ಲಿ ವರ್ತಕರ ಮುಖ್ಯಸ್ಥನೂ ಬಂದರಿನ ಅಧಿಕಾರಿಯೂ ಆಗಿದ್ದ ಮದ್ಮೂನನೆಂಬವನ ಆಶ್ರಯ ದೊರೆಯಿತು. ಅಲ್ಲಿಂದ ಕಡಲು ದಾಟಿ ಮಂಗಳೂರಿಗೆ ಬಂದನು. ೧೧೩೨ನೆಯ ಇಸವಿಗೆ ಮುಂಚೆಯೇ ಅವನು ಇಲ್ಲಿದ್ದನು. ೧೧೪೯ರಲ್ಲಿ ಈ ಕರೆಯನ್ನು ಬಿಟ್ಟುಹೋದನು. ಹೆಚ್ಚುಕಡಮೆ ಹದಿನೇಳು ವರ್ಷಗಳನ್ನು ಮಂಗಳೂರಿನಲ್ಲಿಯೂ ತೆಂಕಣ ಮಲಬಾರದ ಬಂದರುಗಳಲ್ಲಿಯೂ ಕಳೆದನೆಂದಾಯಿತು.

ಅವನ ಸಂಸಾರದ ಮೊದಲ ದಾಖಲೆ ೧೧೩೨ನೆಯ ಇಸವಿ ಅಕ್ಟೋಬರ ೧೭ರಂದು ಮಂಗಳೂರಿನಲ್ಲಿ ಬರೆದ ಒಂದು ಬಿಡುಗಡೆಯ ಪತ್ರ. ಅದರಲ್ಲಿ ಅಬ್ರಹಾಮನು ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡಿಸಿ, ಬೆರಾಖಾ ಎಂಬ ಹಿಬ್ರೂ ಹೆಸರನ್ನು ಅವಳಿಗೆ ಕೊಟ್ಟಿದ್ದಾನೆ. ಬೆರಾಖಾ ಎಂದರೆ ಆಶೀರ್ವಾದ. ಅವನ ಸ್ವಂತ ಸಹೋದರಿಯ ಹೆಸರೂ ಅದೇ. ಈ ಪತ್ರದ ಮಹತ್ವವನ್ನು ಅರಿಯಬೇಕಾದರೆ ಯೆಹೂದ್ಯರ ಧರ್ಮಶಾಸ್ತ್ರದ ಒಂದು ವಿಧಿಯನ್ನು ನೆನೆಯಬೇಕು. ಅದರಂತೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತದೆ. ದಾಸಿಯ ಮಗು ದಾಸನೇ. ತಾಯಿಯನ್ನು ವಿಧಿಪೂರ್ವಕವಾಗಿ ಬಿಡುಗಡೆ ಮಾಡಿ ಮತಕ್ಕೆ ಸೇರಿಸಿಕೊಂಡ ಹೊರತು ಮಕ್ಕಳಿಗೆ ತಂದೆಯ ಸಮಾಜದಲ್ಲಿ ಸ್ಥಾನವಿಲ್ಲ. ಹೀಗಿರುವುದರಿಂದ, ಹದಿನೇಳು ವರ್ಷಗಳ ಅನಂತರ ಮಕ್ಕಳು ಕೈಗೊಳ್ಳಲಿದ್ದ ಪ್ರಯಾಣಕ್ಕೆ ಬೇಕಾದ ಮೊದಲ ಸಾಮಗ್ರಿಯು ಈ ಪತ್ರವೇ ಎಂದರೆ ಸಲ್ಲುವುದು. ಅದಿಲ್ಲದಿದ್ದರೆ ಅವರು ಏಡನಿನಲ್ಲಿ ಇಳಿದರೂ ಅಬ್ರಹಾಮನ ಮಕ್ಕಳೆನಿಸುವುದು ಕಷ್ಟವಾಗುತ್ತಿತ್ತು.

ಆಶು ಯಾರ ಮಗಳು? ಅಬ್ರಹಾಮನ ಒಂದು ಲೆಕ್ಕದ ಚೀಟಿಯಲ್ಲಿ ಅವಳ ಸಹೋದರನ ಉಲ್ಲೇಖ ಬರುತ್ತದೆ. ಅವನನ್ನು 'ನಾಯರ್' ಎಂದು ಬರೆದಿದೆ. ಇದನ್ನು ಹಿಡಿದು, ೧೯೯೨ರಲ್ಲಿ ಈ ಕಾಗದಗಳ ಮೇಲೆ ಗ್ರಂಥವೊಂದನ್ನು ಬರೆದ ಅಮಿತಾವ್ ಘೋಷರು, ಅವಳು ನಾಯರ್ ಕುಲದವಳಾಗಿರಬೇಕೆಂದು ಊಹಿಸಿರುವರು. ಈ ಊಹೆ ನಿಜವಾದರೆ ಅವಳ ತೌರುಮನೆಯಲ್ಲಿ ನಡೆಯುತ್ತಿದ್ದುದು ಮರುಮಕ್ಕತಾಯ. ತುಳುನಾಡಿನ ಅಳಿಯಸಂತಾನಕ್ಕೆ ಸಮಾನವಾದ ಪದ್ಧತಿ. ಅಲ್ಲಿ ಹೆಣ್ಣುಮಗಳು ಮದುವೆಯಾದರೂ ತಾಯಮನೆಯವಳೇ. ಅವಳ ಮಕ್ಕಳು ಸೋದರಮಾವನ ಮನೆಗೆ ಸೇರಿದವರು. ತಾಯಿಯ ಕಡೆಯಿಂದಲೇ ಕುಲವನ್ನೆಣಿಸುವ ಎರಡು ಬೇರೆ ಬೇರೆ ಧರ್ಮಗಳು ಆ ಮಕ್ಕಳಲ್ಲಿ ಎದುರಾದುವು. ಒಂದು ಅವರನ್ನು ತಂದೆಯೊಡನೆ ಪರದೇಶಕ್ಕೆ ಕಳುಹಿಸಲು ಅವಕಾಶ ಮಾಡಿತು. ಮತ್ತೊಂದು ತಾಯಿಯನ್ನು ತನ್ನ ನೆಲದಲ್ಲಿಯೇ ಹಿಡಿದಿರಿಸುವಂತಹುದು.

ಮನೆಯ ಯಜಮಾನನ ವ್ಯಾಪಾರವು ಚೆನ್ನಾಗಿ ನಡೆಯಿತು. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇವು ಇಲ್ಲಿಂದ ಏಡನಿಗೆ ಹೋದುವು. ಇದಲ್ಲದೆ ಅವನು ಕಂಚಿನ ಕಾರ್ಖಾನೆಯೊಂದನ್ನು ನಡೆಸುತ್ತಿದ್ದನು. ಏಡನಿನ ವರ್ತಕರು ಒಡೆದ ಹಳೆಯ ಪಾತ್ರೆಗಳನ್ನೂ ತಾಮ್ರ ತವರಗಳನ್ನೂ ಕಳುಹಿಸಿ, ಇಂಥ ಅಳತೆಯ ಹರಿವಾಣ, ಇಂಥ ಮಾಟದ ದೀಪ, ಇಂಥ ಬಾಯಿಯ ಗಿಂಡಿ ಮಾಡಿಸಿ ಕಳುಹಿಸೆಂದು ಬರೆಯುತ್ತಿದ್ದರು. ಈ ನಾಡಿನ ಕಂಚುಗಾರರ ಕೈಚಳಕ ಎಂತಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆಳುಪ ಕುಂದವರ್ಮನು ೯೬೮ರಲ್ಲಿ ಕದ್ರಿಯಲ್ಲಿ ಸ್ಥಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಇಂದಿಗೂ ಅಲ್ಲಿ ಕಾಣಬಹುದು. ಏಡನಿನಿಂದ ಹಿಂದಕ್ಕೆ ಬರುತ್ತಿದ್ದುವು ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು, ಚಾಪೆ, ಹಾಗೂ ಕಾಗದ. ಓಲೆಗರಿಯ ನಾಡಾದ ಇಲ್ಲಿ ಕಾಗದವು ದುರ್ಲಭ ವಸ್ತು. ಅದರಿಂದ ಅಬ್ರಹಾಮನು ತನಗೆ ಬಂದ ಓಲೆಗಳ ಬರಿದಾದ ಜಾಗದಲ್ಲಿಯೇ ಲೆಕ್ಕ ಬರೆಯುತ್ತಿದ್ದನು. ಮಗನಾದ ಸುರೂರನಿಗೆಂದು ಏಡನಿನ ಸ್ನೇಹಿತರು ಹವಳವನ್ನು ಕಳುಹಿಸಿದುದೂ ಈ ಓಲೆಗಳಿಂದ ತಿಳಿಯುತ್ತದೆ. ಮಗಳ ಹೆಸರು ಸಿತ್ತ್ ಅಲ್‌ದಾರ್. ಅರಬ್ಬೀ ಭಾಷೆಯಲ್ಲಿ ಅದಕ್ಕೆ ಮನೆಯೊಡತಿ ಎಂದು ಅರ್ಥ.

ಅಬ್ರಹಾಮನ ಪರವಾಗಿ ಏಡನಿಗೆ ಹೋಗಿ ವ್ಯವಹಾರ ಮಾಡುತ್ತಿದ್ದ ಆಳೊಬ್ಬನಿದ್ದನು. ಮೂರು ವ್ಯಂಜನಗಳಲ್ಲಿ ಬರೆದಿರುವ ಅವನ ಹೆಸರನ್ನು ಮೊದಲ ವಿದ್ವಾಂಸರು 'ಬಾಮ' ಎಂದು ಓದಿ ಬ್ರಹ್ಮ ಶಬ್ದದ ರೂಪವೆಂದು ಭಾವಿಸಿದ್ದರು. ಘೋಷರು ಮಂಗಳೂರಿಗೆ ಬಂದು ಪ್ರೊಫೆಸರ್ ಬಿ. ಎ. ವಿವೇಕ ರೈಯವರೊಡನೆ ವಿಚಾರಿಸಿದ ಮೇಲೆ, ಅದು ತುಳುನಾಡಿನಲ್ಲಿ ರೂಢಿಯಲ್ಲಿದ್ದ 'ಬೊಮ್ಮ' ಎಂಬ ಹೆಸರೆಂದು ನಿಶ್ಚಯಿಸಿದರು. ೧೧೩೫ರಲ್ಲಿ ಕೀಶ್ ದ್ವೀಪದ ಒಡೆಯನು ಏಡನಿನ ಮೇಲೆ ನೌಕಾದಾಳಿ ನಡೆಸಿದ ಕಾಲಕ್ಕೆ ಬೊಮ್ಮನು ಅಲ್ಲಿದ್ದನು. ಏಡನಿನ ಸಿರಿವಂತ ವರ್ತಕನಾದ ಖಲಫ್ ಇಬ್ನ್ ಇಸ್‌ಹಾಕನು ೧೧೪೮ರಲ್ಲಿ ಬರೆದ ಕಾಗದದಲ್ಲಿ ಅಬ್ರಹಾಮನೊಡನೆ ಅವನ ಆಳಿಗೂ ಕುಶಲವನ್ನು ಕೇಳಿರುವನು. ತುಳುವನೊಬ್ಬನ ಹೆಸರು ಸಾಗರದಾಚೆಯ ವರ್ತಕರ ಬಾಯಲ್ಲಿ ಗೌರವದಿಂದ ಬರುತ್ತಿದ್ದುದು ಗಮನಾರ್ಹವಾದ ವಿಷಯವಾಗಿದೆ.

ಇಷ್ಟು ನೆಲೆಯೂರಿದ ಮನೆಯನ್ನು ಕೀಳಬೇಕಾದುದೇಕೆ? ಕಾರಣವು ದೂರದ ಸಮುದ್ರದಲ್ಲಿ ಹುಟ್ಟಿತು. ೧೧೪೮ರಲ್ಲಿ ಸಿಸಿಲಿಯ ನಾರ್ಮನ್ ದೊರೆಯಾದ ಎರಡನೆಯ ರೋಜರನ ನೌಕಾಸೈನ್ಯವು ಮಹದೀಯವನ್ನು ಹಿಡಿಯಿತು. ಆಫ್ರಿಕದ ಆ ಕರೆಯ ಊರುಗಳು ಒಂದೊಂದಾಗಿ ಬಿದ್ದುವು. ಅಬ್ರಹಾಮನ ಅಣ್ಣತಮ್ಮಂದಿರೂ ಸಹೋದರಿಯೂ ನೆಲೆ ತಪ್ಪಿ ಸಿಸಿಲಿಯನ್ನು ಸೇರಿದರು. ಒಡಹುಟ್ಟಿದವರು ದಿಕ್ಕಾಪಾಲಾದರೆಂಬ ಸುದ್ದಿಯು ಪರದೇಶದಲ್ಲಿ ಹಣ ಕೂಡಿಟ್ಟವನ ಮನಸ್ಸನ್ನು ಕದಡಿದುದು ಸಹಜ. ಇದರೊಡನೆ ಮಕ್ಕಳ ವಿಚಾರವೂ ಇದ್ದಿತು. ಮಗಳು ಬೆಳೆಯುತ್ತಿದ್ದಳು, ಅವಳಿಗೆ ತನ್ನ ಅಣ್ಣತಮ್ಮಂದಿರ ಮಕ್ಕಳಲ್ಲಿಯೇ ವರನನ್ನು ಕಾಣಬೇಕೆಂಬ ಹಂಬಲ ತಂದೆಗಿದ್ದುದು ಅವನ ಮುಂದಿನ ಕಾಗದಗಳಿಂದ ಸ್ಪಷ್ಟವಾಗುತ್ತದೆ.

ಇನ್ನು ಪ್ರಯಾಣದ ಸನ್ನಾಹ. ಹಾಯಿಯ ಹಡಗಿನ ಕಾಲದಲ್ಲಿ ಹೊರಡುವ ದಿನವನ್ನು ಗೊತ್ತುಮಾಡುತ್ತಿದ್ದುದು ಗಾಳಿ. ಕಾರ್ತೆಲಿನಿಂದ ಶ್ರಾವಣದ ಹುಣ್ಣಿಮೆಯ ವರೆಗೆ ಅಳಿವೆಯ ಬಾಗಿಲು ನೊರೆಗಟ್ಟಿ ಮುಚ್ಚಿರುವುದು. ಆ ಹುಣ್ಣಿಮೆಯಂದು ಮೊಗವೀರರು ಇಂದಿಗೂ ಕಡಲಿಗೆ ಹಾಲೆರೆದು ತೆಂಗಿನಕಾಯಿಯನ್ನು ಅರ್ಪಿಸಿ ಸಮುದ್ರಪೂಜೆ ಮಾಡುವರು. ಆ ಬಳಿಕ ಮಳೆಗಾಲ ಕಳೆದು ಈಶಾನ್ಯದ ಗಾಳಿ ಬೀಸತೊಡಗಿದಾಗ ಪಡುವಣಕ್ಕೆ ಹೋಗುವ ಹಡಗುಗಳು ಹಾಯಿ ಬಿಚ್ಚುವುವು. ಗಾಳಿ ಅನುಕೂಲವಾಗಿದ್ದರೆ ಏಡನಿಗೆ ತಿಂಗಳ ಆಸುಪಾಸಿನ ಪ್ರಯಾಣ. ಗಾಳಿ ನಿಂತರೆ ಹಡಗೂ ನಿಲ್ಲುವುದು. ಆದರೆ ಅದರಲ್ಲಿರುವವರ ಹಸಿವು ಬಾಯಾರಿಕೆಗಳು ನಿಲ್ಲುವುದಿಲ್ಲ.

ಆ ಹಡಗುಗಳಾದರೂ ಎಂತಹುವು? ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜಡಿಯದೆ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ೧೧೮೩ರಲ್ಲಿ ಕೆಂಪು ಸಮುದ್ರವನ್ನು ದಾಟಿದ ಇಬ್ನ್ ಜುಬೈರನೂ, ಮುಂದಿನ ಶತಮಾನದಲ್ಲಿ ಹೊರ್ಮುಜಿಗೆ ಬಂದ ಮಾರ್ಕೊ ಪೋಲೊ ಎಂಬವನೂ ಇಂತಹ ಹೊಲಿದ ಹಡಗುಗಳನ್ನು ವರ್ಣಿಸಿದ್ದಾರೆ. ಹುರಿಯ ಹೊಲಿಗೆಯು ಅಲೆಯ ಪೆಟ್ಟಿಗೆ ಬಳುಕುವುದರಿಂದ ಹಲಗೆ ಬೇಗನೆ ಸೀಳದು. ಆದರೆ ಸಂದಿನಿಂದ ನೀರು ಜಿನುಗುತ್ತಿರುವುದರಿಂದ ಅದನ್ನು ಮೊಗೆದು ಚೆಲ್ಲುತ್ತಲೇ ಇರಬೇಕು. ಸರಕು ತುಂಬಿ ಉಳಿದ ಸ್ಥಳದಲ್ಲಿ ಮನುಷ್ಯರ ವಾಸ. ಹಣವುಳ್ಳವರು ಕೋಣೆಯಂತಹ ಮರೆಯೊಂದನ್ನು ಗುತ್ತಿಗೆಗೆ ಹಿಡಿಯುವರು. ಎಲ್ಲರ ನಡುವೆ ಬೆಳೆಯುತ್ತಿರುವ ಹೆಣ್ಣುಮಗಳನ್ನು ಕರೆದೊಯ್ಯುವ ತಂದೆಗೆ ಇಂತಹ ಮರೆಯು ಅತ್ಯಗತ್ಯ.

ಅನ್ನನೀರುಗಳನ್ನು ಪ್ರಯಾಣಿಕರೇ ಹೊತ್ತುತರಬೇಕಾಗಿದ್ದಿತು. ಅಬ್ರಹಾಮನ ಸ್ವಹಸ್ತದ ಕಾಗದಗಳಲ್ಲಿ, ಮಲಬಾರದಿಂದ ಏಡನಿಗೆ ಹೊರಟವನ ಗಂಟುಮೂಟೆಯ ಪಟ್ಟಿಯೊಂದು ಉಳಿದಿದೆ. ಅದರಲ್ಲಿ ಇಸವಿಯಿಲ್ಲ, ಆದರೆ ಈ ಮನೆಯವರ ಕಡಲ ಸಂಸಾರ ಎಂತಹುದೆಂಬುದನ್ನು ಅದು ಕನ್ನಡಿಯಂತೆ ತೋರುತ್ತದೆ. ಎಲಿಜಬೆತ್ ಲ್ಯಾಂಬರ್ನ್ ಎಂಬ ವಿದುಷಿಯು ೨೦೧೮ರಲ್ಲಿ ಇದೊಂದೇ ಪಟ್ಟಿಯ ಮೇಲೆ ಒಂದು ಇಡೀ ಗ್ರಂಥವನ್ನು ಬರೆದಿದ್ದಾರೆ. ಮಾರಾಟದ ಸರಕು ಈ ಪಟ್ಟಿಯ ವಿಷಯವಲ್ಲ. ತಿನ್ನುವುದು, ಕುಡಿಯುವುದು, ಬೇಯಿಸುವುದು, ಮಲಗುವುದು ಇವಕ್ಕೆ ಬೇಕಾದ ವಸ್ತುಗಳೇ ಅದರಲ್ಲಿ ತುಂಬಿವೆ. ಅಕ್ಕಿ, ಮೀನು, ನಿಂಬೆ ಮೊದಲಾದ ಆಹಾರಗಳೂ, ಅವನ್ನು ತುಂಬಿದ ಬುಟ್ಟಿ, ಚೀಲ, ಭರಣಿ, ಸೀಸೆಗಳೂ ಒಂದೊಂದಾಗಿ ಹೇಳಲ್ಪಟ್ಟಿವೆ. ಪರದೇಶಿಯಾಗಿ ಬಂದವನು ಹದಿನೇಳು ವರ್ಷಗಳಲ್ಲಿ ನಮ್ಮ ಕರಾವಳಿಯ ಅನ್ನ ಮೀನುಗಳಿಗೆ ಒಗ್ಗಿಹೋದುದನ್ನು ಈ ಪಟ್ಟಿಯು ಬಾಯ್ಬಿಟ್ಟು ಹೇಳುತ್ತದೆ. ಅಲ್ಲದೆ ಯೆಹೂದ್ಯರಿಗೆ ಆಹಾರದ ವಿಷಯದಲ್ಲಿ ಕಟ್ಟುನಿಟ್ಟಾದ ಮಡಿಯಿರುವುದರಿಂದ ಕಂಡವರ ಪಾತ್ರೆಯಲ್ಲಿ ಬೇಯಿಸಿದುದನ್ನು ಉಣ್ಣುವಂತಿಲ್ಲ. ಅದರಿಂದ ಅಡಿಗೆಮನೆಯೇ ಹಡಗೇರಬೇಕಾಯಿತು.

ಮಕ್ಕಳು ಹಡಗಿನಲ್ಲಿ ಬಾಳುವುದು ಆ ಕಾಲಕ್ಕೆ ಕೇಳರಿಯದ ಮಾತೇನೂ ಅಲ್ಲ. ಕಲ್ಲಿಕೋಟೆಯಲ್ಲಿ ಚೀಣದ ದೊಡ್ಡ ಹಡಗುಗಳನ್ನು ಕಂಡ ಇಬ್ನ್ ಬತೂತನು, ನಾವಿಕರ ಮಕ್ಕಳು ಅದರಲ್ಲಿಯೇ ವಾಸವಾಗಿದ್ದುದನ್ನೂ, ಮರದ ತೊಟ್ಟಿಗಳಲ್ಲಿ ಸೊಪ್ಪುಗಳನ್ನೂ ಶುಂಠಿಯನ್ನೂ ಬೆಳೆಸುತ್ತಿದ್ದುದನ್ನೂ ಬರೆದಿರುವನು. ಆದರೆ ಅವು ಕೋಣೆಕೋಣೆಗಳಿದ್ದ ತೇಲುವ ಊರುಗಳು. ಅರಬ್ಬೀ ಸಮುದ್ರದ ಹೊಲಿದ ಹಡಗಿನಲ್ಲಿ ಅಂತಹ ಅನುಕೂಲಗಳು ಇರಲಾರವು. ಅಲ್ಲಿ ಮಕ್ಕಳ ಪಾಲಿಗೆ ಬಿಸಿಲು, ಉಪ್ಪು, ಅಳೆದು ಕೊಡುವ ನೀರು, ಸುತ್ತಲೂ ದಡ ಕಾಣದ ಕಡಲು. ತಾಯ ಭಾಷೆಯನ್ನಾಡುವವರು ದಿನದಿನಕ್ಕೆ ಹಿಂದೆ ಉಳಿಯುತ್ತಿದ್ದರು.

೧೧೪೯ನೆಯ ಇಸವಿ ಸಪ್ಟೆಂಬರ ೧೧ರಂದು ಅಬ್ರಹಾಮನು ಏಡನಿನಿಂದ ಸಿಸಿಲಿಯಲ್ಲಿದ್ದ ಒಡಹುಟ್ಟಿದವರಿಗೆ ಕಾಗದ ಬರೆದನು. ತಾನು ಹಿಂದೂಸ್ಥಾನವನ್ನು ಬಿಟ್ಟು ಹಣ, ಪ್ರಾಣ, ಮಕ್ಕಳು ಈ ಮೂರೂ ಸುರಕ್ಷಿತವಾಗಿ ಏಡನನ್ನು ಸೇರಿದುದನ್ನು ಅದರಲ್ಲಿ ತಿಳಿಸಿದನು. ಎಲ್ಲರೂ ಬದುಕಬಹುದಾದಷ್ಟು ಸಂಪಾದನೆ ತನ್ನಲ್ಲಿರುವುದೆಂದೂ, ಯಾರಾದರೂ ಬಂದು ತನ್ನನ್ನು ಕೂಡಬೇಕೆಂದೂ ಬೇಡಿಕೊಂಡನು. ತನಗೊಬ್ಬ ಮಗನೂ ಒಬ್ಬ ಮಗಳೂ ಇರುವುದನ್ನು ಬರೆದನು. ಆದರೆ ಆ ಮಕ್ಕಳನ್ನು ಹೆತ್ತವಳ ವಿಷಯವಾಗಿ ಒಂದು ಮಾತೂ ಇಲ್ಲ. ಆಶು ತನ್ನ ನೆಲದಲ್ಲಿಯೇ ಉಳಿದಳೆಂದು ಘೋಷರು ಭಾವಿಸಿರುವರು. ತೌರುಮನೆಯ ಪದ್ಧತಿಯನ್ನು ನೆನೆದರೆ ಇದು ಅಸಂಭವವೆಂದು ಹೇಳಲಾಗದು. ಪಾತ್ರೆ ಪಡಗಗಳನ್ನು ಎಣಿಸಿ ಬರೆದಿಟ್ಟ ಕೈ ಅವಳ ಹೆಸರನ್ನು ಬರೆಯಲಿಲ್ಲ. ಬಿಡುಗಡೆಯ ಪತ್ರದಲ್ಲಿ ಇತಿಹಾಸದೊಳಗೆ ಬಂದವಳು ಮಕ್ಕಳ ಪ್ರಯಾಣದ ಹೊತ್ತಿಗೆ ಇತಿಹಾಸದಿಂದ ಜಾರಿಹೋದಳು.

ಮುಂದಿನ ಕಥೆ ಸುಖದಾಯಕವಾಗಿಲ್ಲ. ಕರೆದವರಲ್ಲಿ ಮುಬಶ್ಶಿರನೆಂಬ ಸಹೋದರನು ಬಂದನು; ಬಂದವನು ೧೦೦೦ ದೀನಾರು ಬೆಲೆಯ ಸೊತ್ತನ್ನು ಅಪಹರಿಸಿ ಹೊರಟುಹೋದನು. ಅಬ್ರಹಾಮನು ಯಮನಿನ ಒಳನಾಡಿನಲ್ಲಿ ಮೂರು ವರ್ಷಗಳಷ್ಟು ಕಾಲ ಇದ್ದನು. ಅಷ್ಟು ದಿನವೂ ಮಗಳು ಏಡನಿನ ಖಲಫನ ಮನೆಯಲ್ಲಿ ಬೆಳೆದಳು. ಕಡಲಿನ ಗಂಡಾಂತರವನ್ನು ಕಳೆದು ಬಂದ ಮಗನು ಯಮನಿನ ನೆಲದಲ್ಲಿ ತೀರಿಕೊಂಡನು. ಪೋಷಕನಾದ ಮದ್ಮೂನನು ೧೧೫೧ರಲ್ಲಿ ಮಡಿಯಲು ಅಬ್ರಹಾಮನು ಅವನ ಮೇಲೆ ಶೋಕಗೀತವನ್ನು ರಚಿಸಿದನು. ಖಲಫನ ಮನೆಯವರು ಹುಡುಗಿಯನ್ನು ಸೊಸೆಯಾಗಿ ತಂದುಕೊಳ್ಳಲು ಬಯಸಿದರು. ತಂದೆ ಒಪ್ಪಲಿಲ್ಲ, ಪರರಿಗಿಂತ ಒಡಹುಟ್ಟಿದವನ ಮಗನೇ ಮೇಲೆಂದನು. ಮತ್ತೊಬ್ಬ ಸಹೋದರನಾದ ಯೂಸುಫನಿಗೆ ಪುನಃ ಬರೆದನು. ಯೂಸುಫನ ಹಿರಿಯ ಮಗನಾದ ಪೆರಹ್ಯಾ ಸಿಸಿಲಿಯಿಂದ ಮಿಸರಕ್ಕೆ ಬಂದನು. ೧೧೫೬ರಲ್ಲಿ ಫುಸ್ತಾತಿನಲ್ಲಿ ಅವನಿಗೂ ಸಿತ್ತ್ ಅಲ್‌ದಾರಳಿಗೂ ವಿವಾಹವಾಯಿತು. ಮಲಬಾರದ ಕರೆಯಲ್ಲಿ ಹುಟ್ಟಿ, ಏಡನಿನಲ್ಲಿ ಬೆಳೆದ ಮಗಳು ನೀಲನದಿಯ ದಡದಲ್ಲಿ ಮನೆಯೊಡತಿಯಾದಳು. ಬೊಮ್ಮನ ಹೆಸರು ಕೊನೆಯ ಬಾರಿಗೆ ಕಾಣಿಸುವುದು ಫುಸ್ತಾತಿನ ಒಂದು ಲೆಕ್ಕದ ಚೂರಿನಲ್ಲಿ. ಒಡೆಯನೊಡನೆ ಅವನೂ ಮಿಸರವನ್ನು ಸೇರಿದಂತೆ ತೋರುತ್ತದೆ.

ಈ ವೃತ್ತಾಂತದಿಂದ ಗ್ರಹಿಸತಕ್ಕ ಅಂಶವೊಂದಿದೆ. ಬಂದರಿನ ಚರಿತ್ರೆಯು ಸರಕಿನ ಚರಿತ್ರೆಯೆಂದು ತಿಳಿದುಕೊಂಡಲ್ಲಿ ಅಬ್ರಹಾಮನ ಕಾರ್ಖಾನೆ ಮೆಣಸುಗಳು ಸಾಕು. ಆದರೆ ಒಂದು ಮನೆಯು ನೆಲದಿಂದ ಕಿತ್ತು ನೀರಿಗಿಳಿಯುವಾಗ ಯಾವುದನ್ನು ಹೊತ್ತಿತು, ಯಾವುದನ್ನು ಹೊರಲಾರದೆ ಹೋಯಿತು ಎಂಬುದೂ ಚರಿತ್ರೆಯೇ. ಹೊತ್ತುದರ ಪಟ್ಟಿ ಉಳಿದಿದೆ, ಏಕೆಂದರೆ ಅದನ್ನು ಕಾಗದದ ಮೇಲೆ ಬರೆದು, ದೇವರ ಹೆಸರಿಗಾಗಿ ಕಾಗದವನ್ನು ಕಾಪಾಡಿದ ಜನರಿದ್ದರು. ಬಿಟ್ಟುಹೋದವರ ಮಾತು ಉಳಿಯಲಿಲ್ಲ. ಆಶುವಿನ ಮನೆಯವರು ಬರೆದಿದ್ದರೆ ಓಲೆಗರಿಯ ಮೇಲೆ ಬರೆದಿರಬೇಕು. ಓಲೆಗೆ ಗೆದ್ದಲು, ಮಳೆಗಾಲದ ತೇವ ಇವೆರಡೂ ಶತ್ರುಗಳು. ಎಂಟು ನೂರಕ್ಕೂ ಮಿಕ್ಕಿದ ಮಳೆಗಾಲಗಳನ್ನು ಅದು ಹೇಗೆ ದಾಟೀತು?

ಮಂಗಳೂರಿನ ಹಳೆಯ ಬಂದರಿನಿಂದ ಹೊರಗೆ ಹೋದ ಮನೆತನಗಳೂ, ಒಳಗೆ ಬಂದು ನೆಲೆಸಿದ ಮನೆತನಗಳೂ ಅಸಂಖ್ಯ. ಅವರ ಕಡತ, ಓಲೆ, ಲೆಕ್ಕದ ಪುಸ್ತಕ, ಮದುವೆಯ ಪಟ್ಟಿ, ಪಯಣದ ಕಾಗದ ಇವು ಇಂದಿಗೂ ಎಷ್ಟೋ ಮನೆಗಳ ಅಟ್ಟದ ಮೇಲೆ ಧೂಳು ಹಿಡಿದಿರುವುವು. ಮನೆ ಕೆಡವಿದಾಗ ಒಲೆಗೋ ಹೊಳೆಗೋ ಸೇರುವ ಮುನ್ನ ಅವನ್ನು ಒಮ್ಮೆ ಬಿಡಿಸಿ ನೋಡುವುದು ಜಿಲ್ಲೆಯ ಇತಿಹಾಸಪ್ರಿಯರ ಕರ್ತವ್ಯ. ಫುಸ್ತಾತಿನ ಕೋಣೆಯಲ್ಲಿ ತಂದೆಯ ಕಡೆಯ ಸಾಕ್ಷಿ ಮಾತ್ರ ದೊರೆಯಿತು. ತಾಯಿಯ ಕಡೆಯವರ ಸಾಕ್ಷಿಯನ್ನು ಹುಡುಕಬೇಕಾದುದು ಈ ನೆಲದಲ್ಲಿಯೇ.